ನಗರದ ಸಾಕುಪ್ರಾಣಿಗಳ ಕುರಿತ ಸಮ್ಮೇಳನದಲ್ಲಿ ಅಭಿಪ್ರಾಯ ಸಂಗ್ರಹ: ಸಂಘಟಕರಿಗೊಂದು ಕೈಪಿಡಿ

ಮುಂಬೈಯ ದಾದರ್ ಅಥವಾ ಪರೇಲ್ ಭಾಗದಲ್ಲಿ ಎರಡು ದಿನಗಳ ಸಮ್ಮೇಳನ ಇಟ್ಟುಕೊಂಡು, ಕೊನೆಯ ಗೋಷ್ಠಿ ಸಂಜೆ ಐದಕ್ಕೆ ಮುಗಿದ ಮೇಲೆ ಅಭಿಪ್ರಾಯ ಪತ್ರ ಹಂಚುವ ಸಂಘಟಕರಿಗೆ ಪುಣೆಯವರ ಅಭಿಪ್ರಾಯ ಎಂದಿಗೂ ಸಿಗುವುದಿಲ್ಲ. ಪುಣೆಗೆ ಹೋಗುವ ಡೆಕ್ಕನ್ ಕ್ವೀನ್ ರೈಲು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ 5 ಗಂಟೆ 10 ನಿಮಿಷಕ್ಕೆ ಹೊರಡುತ್ತದೆ; ಅದನ್ನು ಹಿಡಿಯಬೇಕಾದವರು ನಾಲ್ಕಕ್ಕೇ ಚೀಲ ಹೆಗಲಿಗೇರಿಸಿರುತ್ತಾರೆ. ಇಂಥ ಸಭೆಯೊಂದರ ಅಭಿಪ್ರಾಯ ಸಂಗ್ರಹದ ಹೊಣೆ ನನಗೆ ಮೊದಲ ಬಾರಿ ಬಂದಾಗ ಇದು ಹೊಳೆದಿರಲಿಲ್ಲ. ಪುಣೆ, ಪಿಂಪ್ರಿ-ಚಿಂಚ್‌ವಡಗಳಿಂದ ಬಂದಿದ್ದ ಪಶುವೈದ್ಯರೂ ಹೌಸಿಂಗ್ ಸೊಸೈಟಿಗಳ ಪದಾಧಿಕಾರಿಗಳೂ ಹೊರಟುಹೋದ ಮೇಲೆ, ಲೋಕಲ್ ರೈಲಿನಲ್ಲಿ ಮನೆ ಸೇರಬಲ್ಲವರು ಮಾತ್ರ ಕುಳಿತು ನಮೂನೆ ತುಂಬಿಸಿದರು. 'ಪ್ರತಿನಿಧಿಗಳು ತೃಪ್ತರಾಗಿದ್ದಾರೆ' ಎಂದು ನಾವು ವರದಿಯಲ್ಲಿ ಬರೆದೆವು. ತೃಪ್ತರಾಗಿದ್ದವರು ಮುಂಬೈಯವರು.

ಈ ಎರಡು ನಗರಗಳಲ್ಲಿ ಇಂಥ ಸಭೆಗಳ ಹಿಂದೆ ಓಡಾಡುವ ಕನ್ನಡಿಗರು ಕಡಿಮೆಯೇನಿಲ್ಲ. ಹೆಬ್ಬಾಳದಲ್ಲೋ ಬೀದರಿನಲ್ಲೋ ಓದಿ ಇಲ್ಲಿ ಚಿಕಿತ್ಸಾಲಯ ತೆರೆದಿರುವ ಪಶುವೈದ್ಯರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾಗಿ ಡೊಂಬಿವಲಿ, ಠಾಣೆ, ಮುಲುಂಡಿನ ಹೌಸಿಂಗ್ ಸೊಸೈಟಿಗಳ ಕಾರ್ಯದರ್ಶಿಗಿರಿ ಹೊತ್ತವರಿದ್ದಾರೆ. ಮಾಟುಂಗದ ಗಲ್ಲಿಗಳಲ್ಲಿ ಬೆಳಗಿನ ಜಾವ ನಾಯಿಗಳಿಗೆ ಅನ್ನ ಹಾಕಿ ಅಕ್ಕಪಕ್ಕದವರಿಂದ ಬೈಸಿಕೊಳ್ಳುವ ಹಿರಿಯ ಗೃಹಿಣಿಯರೂ ಇದ್ದಾರೆ. ಇವರೆಲ್ಲ ಒಂದೇ ಸಭಾಂಗಣದಲ್ಲಿ ಒಟ್ಟಿಗೆ ಕುಳಿತಾಗ ಅದು ಒಂದು ಸಭೆಯಂತೆ ಕಾಣುತ್ತದೆ, ಆದರೆ ಒಂದು ಗುಂಪಾಗಿರುವುದಿಲ್ಲ. ಇಲ್ಲಿ ಒಬ್ಬರ ಪರಿಹಾರವೇ ಇನ್ನೊಬ್ಬರ ತಕರಾರು. ಆದ್ದರಿಂದ ಯಾರು ಹೇಳಿದರು ಎಂಬುದನ್ನು ಕೈಬಿಟ್ಟು ಏನು ಹೇಳಿದರು ಎಂಬುದನ್ನು ಮಾತ್ರ ಕೂಡಿಸಿದರೆ, ಕೊನೆಗೆ ಉಳಿಯುವುದು ಯಾರ ಅಭಿಪ್ರಾಯವೂ ಅಲ್ಲದ ಒಂದು ಸಂಖ್ಯೆ. ಮುಂದೆ ಹೇಳುವ ವಿಧಾನವೆಲ್ಲ ಆ ಸಂಖ್ಯೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಇದೆ.

ನೋಂದಣಿಯಲ್ಲೇ ಆರಂಭ

ಅಭಿಪ್ರಾಯ ಸಂಗ್ರಹದ ಕೆಲಸ ಸಭೆ ಮುಗಿದ ಮೇಲೆ ಆರಂಭವಾಗುವುದಲ್ಲ. ನೋಂದಣಿಯ ಮೇಜಿನಲ್ಲಿ ಆರಂಭವಾಗುತ್ತದೆ. ಹೆಸರು, ಊರು ಬರೆಸಿಕೊಳ್ಳುವಾಗಲೇ 'ಇಂದು ಇಲ್ಲಿಗೆ ಯಾವ ಹೊಣೆಯಿಂದ ಬಂದಿದ್ದೀರಿ?' ಎಂಬ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸಿಕೊಳ್ಳಬೇಕು: ಪಶುವೈದ್ಯರು, ಮಹಾನಗರಪಾಲಿಕೆಯ ಅಧಿಕಾರಿಗಳು ಮತ್ತು ಸಿಬ್ಬಂದಿ, ಸೊಸೈಟಿಗಳ ಪದಾಧಿಕಾರಿಗಳು, ಪ್ರಾಣಿಕಲ್ಯಾಣ ಸಂಸ್ಥೆಯವರು ಮತ್ತು ಬೀದಿಪ್ರಾಣಿಗಳಿಗೆ ಆಹಾರ ಹಾಕುವವರು, ಕೊನೆಯದಾಗಿ ಆಹಾರ ಮಾರಾಟ, ಪ್ರಾಣಿಗಳನ್ನು ಕೆಲ ದಿನ ಇರಿಸಿಕೊಳ್ಳುವ ಬೋರ್ಡಿಂಗ್, ಕೂದಲು ಕತ್ತರಿಸಿ ಸ್ನಾನ ಮಾಡಿಸುವ ಗ್ರೂಮಿಂಗ್, ತರಬೇತಿ ಮುಂತಾದ ವ್ಯಾಪಾರದವರು. 'ವೃತ್ತಿ ಏನು?' ಎಂದು ಕೇಳಬಾರದು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಎಂಬ ಉತ್ತರದಿಂದ ನಮಗೆ ಉಪಯೋಗವಿಲ್ಲ. ಅವರು ಅಲ್ಲಿ ಕುಳಿತಿರುವುದು ಇನ್ನೂರು ಮನೆಗಳ ಸೊಸೈಟಿಯ ಲಿಫ್ಟಿನಲ್ಲಿ ನಾಯಿ ಬರಬೇಕೋ ಬೇಡವೋ ಎಂಬ ಜಗಳವನ್ನು ತಲೆಯಲ್ಲಿಟ್ಟುಕೊಂಡು.

ಪ್ರತಿ ವರ್ಗಕ್ಕೂ ಒಂದು ಬಣ್ಣದ ಬ್ಯಾಡ್ಜ್ ಕೊಟ್ಟು, ಅದೇ ಬಣ್ಣದ ಕಾಗದದಲ್ಲಿ ಅಭಿಪ್ರಾಯದ ಚೀಟಿ ಮುದ್ರಿಸಿದರೆ, ನಮೂನೆಯ ಮೇಲೆ ಹೆಸರು ಕೇಳುವ ಅಗತ್ಯವೇ ಬೀಳುವುದಿಲ್ಲ. ಹೆಸರಿಲ್ಲದ ಚೀಟಿಯಲ್ಲಿ ಜನ ನಿಜ ಬರೆಯುತ್ತಾರೆ. ಅದರಲ್ಲೂ ಪಾಲಿಕೆಯ ಸಿಬ್ಬಂದಿ, ತಮ್ಮ ಮೇಲಧಿಕಾರಿ ವೇದಿಕೆಯ ಮೇಲಿರುವಾಗ, ಹೆಸರು ಬರೆಯಬೇಕಾದ ನಮೂನೆಯಲ್ಲಿ 'ಅತ್ಯುತ್ತಮ' ಎಂಬುದಕ್ಕಿಂತ ಬೇರೇನನ್ನೂ ಬರೆಯುವುದಿಲ್ಲ. ಮುಂದೆ ಮಾತನಾಡಲು ಫೋನ್ ಸಂಖ್ಯೆ ಬೇಕೆನಿಸಿದರೆ ಅದಕ್ಕೆ ಪ್ರತ್ಯೇಕವಾಗಿ ಹರಿದು ಕೊಡುವ ಚೀಟಿ ಇಟ್ಟು, ಮೂರು ತಿಂಗಳ ನಂತರ ಒಮ್ಮೆ ಕರೆ ಮಾಡುವುದಕ್ಕೆ ಮಾತ್ರ ಈ ಸಂಖ್ಯೆ ಎಂದು ಅದರ ಮೇಲೆಯೇ ಅಚ್ಚು ಹಾಕಿಸಬೇಕು. ಕಂಪ್ಯೂಟರಿನಲ್ಲಿ ಸೇರಿಸಿಟ್ಟುಕೊಳ್ಳುವ ವೈಯಕ್ತಿಕ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆದೆವೋ ಅದಕ್ಕೇ ಬಳಸಬೇಕೆನ್ನುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಆ ಸಂಖ್ಯೆಗಳನ್ನು ಪ್ರಾಯೋಜಕರಾದ ನಾಯಿ ಆಹಾರದ ಕಂಪನಿಗೆ ದಾಟಿಸುವ ಹಳೆಯ ಅಭ್ಯಾಸವನ್ನು ಬಿಡಲೇಬೇಕು.

ಯಾವಾಗ ಕೇಳಬೇಕು ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ಪ್ರತಿ ಗೋಷ್ಠಿಯ ಕೊನೆಗೆ, ಚಹಾಕ್ಕೆ ಏಳುವ ಮೊದಲು, ಅಂಚೆ ಕಾರ್ಡಿನ ಗಾತ್ರದ ಚೀಟಿಯಲ್ಲಿ ಮೂರು ಪ್ರಶ್ನೆ. ಎರಡನೆಯ ದಿನದ ಊಟಕ್ಕೆ ಮೊದಲು ಒಂದು ಪುಟದ ನಮೂನೆ. ಮರುದಿನ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬಿಟ್ಟುಹೋದವರಿಗಾಗಿ ಒಂದು ಕೊಂಡಿ. ಕ್ಯೂಆರ್ ಕೋಡನ್ನು ವಂದನಾರ್ಪಣೆಯ ಹೊತ್ತಿಗೆ ಪರದೆಯ ಮೇಲೆ ಮಿಂಚಿಸುವುದರಿಂದ ಏನೂ ಆಗುವುದಿಲ್ಲ. ಅಷ್ಟರಲ್ಲಿ ಜನರ ಕೈ ಮೊಬೈಲಿಗಲ್ಲ, ಕೊಡೆಗೆ ಹೋಗಿರುತ್ತದೆ. ಚೀಟಿಗೆ ಹೊಳಪಿನ ಆರ್ಟ್ ಪೇಪರ್ ಬಳಸಬೇಡಿ. ನಾವು ಒಂದು ವರ್ಷ ಅಂದಕ್ಕಾಗಿ ಅದನ್ನೇ ಆರಿಸಿದೆವು. ಬಾಲ್‌ಪೆನ್ ಜಾರಿತು, ಜೆಲ್ ಪೆನ್ನಿನ ಶಾಯಿ ಜುಲೈ ತಿಂಗಳ ತೇವದಲ್ಲಿ ಒಣಗದೆ ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡಿತು, ಮತ್ತು ಆ ಕಾಗದ ಬಟಾಟೆವಡೆ ಇಟ್ಟುಕೊಳ್ಳುವುದಕ್ಕೆ ಬಹಳ ಅನುಕೂಲಕರವಾಗಿದೆ ಎಂಬುದನ್ನು ಪ್ರತಿನಿಧಿಗಳು ತಾವಾಗಿಯೇ ಕಂಡುಕೊಂಡರು.

ಪ್ರಶ್ನೆಗಳನ್ನು ಬರೆಯುವ ಬಗೆ

ಹೆಚ್ಚಿನ ನಮೂನೆಗಳು 'ಗೋಷ್ಠಿ ನಿಮಗೆ ಹೇಗನಿಸಿತು?' ಎಂದು ಕೇಳಿ ಸುಮ್ಮನಾಗುತ್ತವೆ. ತರಬೇತಿಯ ಮೌಲ್ಯಮಾಪನದ ಬಗ್ಗೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959-60ರಲ್ಲಿ ಬರೆದ ಲೇಖನಗಳಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದ್ದರು: ಬಂದವರಿಗೆ ಇಷ್ಟವಾಯಿತೇ, ಏನಾದರೂ ಕಲಿತರೇ, ಕೆಲಸದಲ್ಲಿ ನಡವಳಿಕೆ ಬದಲಾಯಿತೇ, ಅದರಿಂದ ಫಲ ಬಂತೇ. ಇಷ್ಟವಾಯಿತೇ ಎಂಬುದು ಇವುಗಳಲ್ಲಿ ಮೊದಲನೆಯ ಮೆಟ್ಟಿಲು ಮಾತ್ರ. ನಮ್ಮ ಸಭೆಗಳ ಪಾಲಿಗೆ ಅದೇ ಕೊನೆಯ ಮೆಟ್ಟಿಲೂ ಆಗಿಬಿಡುತ್ತದೆ.

ಇಷ್ಟವಾಗುವುದಕ್ಕೂ ಕಲಿಯುವುದಕ್ಕೂ ಇರುವ ಅಂತರ ಮುಂಬೈಯಲ್ಲಿ ಇಲಿ ಜ್ವರದ ಗೋಷ್ಠಿಯಲ್ಲಿ ಚೆನ್ನಾಗಿ ಕಾಣುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ನೆರೆಯ ಹಿಂದೆಯೇ ಇಲಿ ಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಹಬ್ಬಿದ ಮೇಲೆ, ಆ ಕಾಯಿಲೆಯ ಹೆಸರು ಈ ನಗರದಲ್ಲಿ ಮನೆಮಾತಾಗಿದೆ. ಆದ್ದರಿಂದ ನಾಯಿಗಳಿಗೆ ಅದರ ಲಸಿಕೆ, ಮಳೆನೀರಿನಲ್ಲಿ ತಿರುಗಾಡಿಸುವಾಗಿನ ಎಚ್ಚರ ಇತ್ಯಾದಿಗಳ ಮೇಲಿನ ಭಾಷಣಕ್ಕೆ ಅಂಕ ಧಾರಾಳವಾಗಿ ಬೀಳುತ್ತದೆ: ಕೇಳುಗರಿಗೆ ತಮಗೆ ಗೊತ್ತಿದ್ದದ್ದನ್ನೇ ತಜ್ಞರ ಬಾಯಲ್ಲಿ ಕೇಳಿದ ಸಮಾಧಾನ. ಒಳಬರುವಾಗ ಒಂದು ಪ್ರಶ್ನೆ, ಹೊರಹೋಗುವಾಗ ಅದೇ ಪ್ರಶ್ನೆ ಇಟ್ಟರೆ ಮಾತ್ರ ಆ ಒಂದು ಗಂಟೆಯಲ್ಲಿ ಏನಾಯಿತು ಎಂಬುದು ತಿಳಿಯುತ್ತದೆ. ರೇಬೀಸ್ ಗೋಷ್ಠಿಗೆ ನಾನು ಇಡುವ ಪ್ರಶ್ನೆ ಇದು: 'ನಾಯಿ ಕಚ್ಚಿದ ಗಾಯವನ್ನು ಸೋಪು ನೀರಿನಿಂದ ಎಷ್ಟು ಹೊತ್ತು ತೊಳೆಯಬೇಕು?' ಉತ್ತರ ಹದಿನೈದು ನಿಮಿಷ. ಪಶುವೈದ್ಯರ ವರ್ಗದಲ್ಲಿ ಈ ಪ್ರಶ್ನೆ ವ್ಯರ್ಥ. ಸೊಸೈಟಿಯವರ ವರ್ಗದಲ್ಲಿ, ಬೆಳಿಗ್ಗೆ 'ಎರಡು ನಿಮಿಷ', 'ಡೆಟಾಲ್ ಹಾಕಿದರೆ ಸಾಕು' ಎಂದು ಬರೆದವರು ಸಂಜೆ ಏನು ಬರೆಯುತ್ತಾರೆ ಎಂಬುದರಲ್ಲಿ ಭಾಷಣಕಾರರ ನಿಜವಾದ ಅಂಕ ಅಡಗಿದೆ. ಬೀದಿನಾಯಿಯ ಕಿವಿಯಂಚಿನಲ್ಲಿ ಕತ್ತರಿಸಿದ ಗುರುತು ಏನನ್ನು ಸೂಚಿಸುತ್ತದೆ ಎಂಬುದೂ ಅಂಥದೇ ಪ್ರಶ್ನೆ. ಸಂತಾನಶಕ್ತಿಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮುಗಿದ ನಾಯಿಗೆ ಹಾಕುವ ಆ ಗುರುತನ್ನು, ಯಾರೋ ಹಿಂಸೆ ಕೊಟ್ಟ ಗಾಯ ಎಂದೇ ತಿಳಿದವರು ಪ್ರತಿ ಸಭೆಯಲ್ಲೂ ಇರುತ್ತಾರೆ.

ನಡವಳಿಕೆಯ ಪ್ರಶ್ನೆಯನ್ನು ಭವಿಷ್ಯದ ಒಳ್ಳೆಯ ಸಂಕಲ್ಪದಂತೆ ಕೇಳಬಾರದು. 'ಇಲ್ಲಿ ಕಲಿತದ್ದನ್ನು ಅಳವಡಿಸಿಕೊಳ್ಳುವಿರಾ?' ಎಂದರೆ ಎಲ್ಲರೂ ಹೌದೆನ್ನುತ್ತಾರೆ, ಯಾಕೆಂದರೆ ಇಲ್ಲವೆನ್ನುವುದು ಅಸಭ್ಯ. 'ಮುಂದಿನ ಸೋಮವಾರ ನಿಮ್ಮ ಕೆಲಸದಲ್ಲಿ ಬೇರೆ ರೀತಿ ಮಾಡುವಂಥದ್ದು ಏನಾದರೂ ಇದೆಯೇ? ಇದ್ದರೆ ಒಂದು ವಾಕ್ಯದಲ್ಲಿ ಬರೆಯಿರಿ, ಇಲ್ಲದಿದ್ದರೆ ಖಾಲಿ ಬಿಡಿ' ಎಂದು ಕೇಳಿದರೆ, ಖಾಲಿ ಬಿಟ್ಟ ಚೀಟಿಗಳ ಸಂಖ್ಯೆಯೇ ಒಂದು ಉತ್ತರವಾಗುತ್ತದೆ. ಹಾಗೆಯೇ 'ಗೋಷ್ಠಿ ಉಪಯುಕ್ತವೂ ಆಸಕ್ತಿದಾಯಕವೂ ಆಗಿತ್ತೇ?' ಎಂಬಂಥ ಜೋಡಿ ಪ್ರಶ್ನೆಯನ್ನು ಒಡೆಯಬೇಕು. ಟಾರ್ಚ್ ಹಿಡಿದು ಬೆಕ್ಕಿನ ಹಲ್ಲು ನೋಡುವುದನ್ನು ತೋರಿಸುವ ಗೋಷ್ಠಿ ಬೇಸರ ತರಿಸಿಯೂ ಉಪಯೋಗಕ್ಕೆ ಬರಬಹುದು.

ಶಬ್ದಗಳು ಪಕ್ಷ ಹಿಡಿಯುತ್ತವೆ ಎಂಬುದನ್ನು ಈ ವಿಷಯದಲ್ಲಿ ಒಂದು ಕ್ಷಣವೂ ಮರೆಯುವಂತಿಲ್ಲ. 'ಬೀದಿನಾಯಿಗಳ ಹಾವಳಿಯ ಕುರಿತ ಗೋಷ್ಠಿ' ಎಂದು ನಮೂನೆಯಲ್ಲಿ ಅಚ್ಚಾದರೆ ಆಹಾರ ಹಾಕುವವರ ಪೆನ್ನು ಅಲ್ಲೇ ಗಟ್ಟಿಯಾಗುತ್ತದೆ. 'ಸಮುದಾಯದ ಪ್ರಾಣಿಗಳ ಆರೈಕೆ' ಎಂದರೆ, ಮಗುವಿಗೆ ನಾಯಿ ಕಚ್ಚಿದ ಮನೆಯ ಕಾರ್ಯದರ್ಶಿಗೆ ಅದು ಅಣಕದಂತೆ ಕೇಳುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು 'ಸಮುದಾಯದ ಪ್ರಾಣಿ' ಎಂಬ ಮಾತನ್ನು ಬಳಸುತ್ತವೆ ಎಂಬುದು ನಿಜ. ಆದರೂ ನಮೂನೆಯಲ್ಲಿ ನಾನು ಬರಿಯ 'ಬೀದಿನಾಯಿ' ಎಂದೇ ಬರೆಯುತ್ತೇನೆ. ಅದು ಎಲ್ಲರ ಬಾಯಲ್ಲೂ ಇರುವ ಶಬ್ದ, ಮತ್ತು ನಾಯಿ ಇರುವ ಜಾಗವನ್ನು ಹೇಳುವುದರ ಆಚೆಗೆ ಅದು ಏನನ್ನೂ ತೀರ್ಮಾನಿಸುವುದಿಲ್ಲ.

ಇನ್ನು ಅಂಕಗಳಿಗೆ ಕೊಡುವ ಹೆಸರು. ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ಮುಂದಿಟ್ಟ ಐದು ಮೆಟ್ಟಿಲಿನ ಅಳತೆ ನಮಗೆಲ್ಲ ಪರಿಚಿತ. ಆದರೆ ಕನ್ನಡದಲ್ಲಿ ಅದರ ನಡುವಿನ ಮೆಟ್ಟಿಲಿಗೆ ಏನು ಬರೆಯುವುದು? ಒಮ್ಮೆ 'ಪರವಾಗಿಲ್ಲ' ಎಂದು ಬರೆದೆವು. ಮೈಸೂರು ಕಡೆಯ ಒಬ್ಬರು ಹಿರಿಯ ಪಶುವೈದ್ಯರು ಎಲ್ಲ ಗೋಷ್ಠಿಗಳಿಗೂ ಅದನ್ನೇ ಗುರುತು ಮಾಡಿದ್ದರು. ಕೇಳಿದಾಗ, ಅವರ ಮಟ್ಟಿಗೆ ಅದು ಶಹಭಾಸ್‌ಗಿರಿ ಎಂದು ತಿಳಿಯಿತು. ಮುಂಬೈಯಲ್ಲೇ ಹುಟ್ಟಿ ಬೆಳೆದ ಸಂಘಟಕರ ಮಗಳಿಗೆ ಅದೇ ಮಾತು 'ಸಹಿಸಿಕೊಂಡೆ' ಎಂಬಂತೆ ಕೇಳಿಸಿತು. ಕುಂದಾಪುರದವರು ಕಾಗದದ ಅಂಚಿನಲ್ಲಿ 'ಅಡ್ಡಿಲ್ಲ' ಎಂದು ಬರೆದರೆ ಅದನ್ನು ಮೆಚ್ಚುಗೆ ಎಂದು ಎಣಿಸಬೇಕೇ ಹೊರತು ಉದಾಸೀನ ಎಂದಲ್ಲ. ಈ ಗೊಂದಲಕ್ಕೆ ಪರಿಹಾರ ಸರಳವಾಗಿದೆ: ಪ್ರತಿ ಮೆಟ್ಟಿಲಿಗೂ ಗುಣವಾಚಕದ ಬದಲು ಕ್ರಿಯೆಯನ್ನು ಬರೆಯುವುದು. ಒಂದು ಎಂದರೆ 'ಎದ್ದು ಹೋಗಬೇಕೆನಿಸಿತು', ಮೂರು ಎಂದರೆ 'ಕೊನೆಯವರೆಗೆ ಕುಳಿತೆ, ಟಿಪ್ಪಣಿ ಮಾಡಿಕೊಳ್ಳಲಿಲ್ಲ', ಐದು ಎಂದರೆ 'ಟಿಪ್ಪಣಿ ಮಾಡಿಕೊಂಡೆ, ಇನ್ನೊಬ್ಬರಿಗೆ ಹೇಳುತ್ತೇನೆ'. ಮರಾಠಿ ನಮೂನೆಗೂ ಇದೇ ಕ್ರಮ. ಅಲ್ಲಿಯ 'ಠೀಕ್ ಆಹೇ' ಕೂಡ ನಮ್ಮ ಪರವಾಗಿಲ್ಲದಷ್ಟೇ ಜಾರುವ ಮಾತು.

ಬರೆಯದವರ ಮಾತು

ನಮೂನೆ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಇಡೀ ಒಂದು ವರ್ಗ ಕಾಣೆಯಾಗುತ್ತದೆ. ಮರಾಠಿ ಅನಿವಾರ್ಯ, ಹಿಂದಿ ಒಳ್ಳೆಯದು. ಕನ್ನಡ ಬೇಕೆ ಎಂಬುದನ್ನು ನೋಂದಣಿಯ ಪಟ್ಟಿ ನೋಡಿ ತೀರ್ಮಾನಿಸಬಹುದು. ಆದರೆ ಎಷ್ಟು ಭಾಷೆಗಳಲ್ಲಿ ಅಚ್ಚು ಹಾಕಿದರೂ ಬರೆಯುವ ಅಭ್ಯಾಸವೇ ಇಲ್ಲದವರ ಅಭಿಪ್ರಾಯ ಕಾಗದಕ್ಕೆ ಬರುವುದಿಲ್ಲ, ಮತ್ತು ಈ ಕ್ಷೇತ್ರದಲ್ಲಿ ನಾಯಿಯನ್ನು ಕೈಯಾರೆ ಮುಟ್ಟುವವರು ಅವರೇ: ನಾಯಿ ಹಿಡಿಯುವ ತಂಡದವರು, ಶಸ್ತ್ರಚಿಕಿತ್ಸೆಯ ನಂತರ ಗೂಡು ತೊಳೆಯುವವರು, ಬೋರ್ಡಿಂಗ್ ಮನೆಯ ಸಹಾಯಕರು.

ಪುಣೆಯ ಒಂದು ಸಭೆಗೆ ಇಂಥ ತಂಡವೊಂದನ್ನು ಕರೆಸಿದ್ದರು. ಮಧ್ಯಾಹ್ನ ಊಟದ ನಂತರ, ಖಾಲಿ ಚೀಟಿ ಹಿಡಿದು ಗೋಡೆಗೆ ಒರಗಿ ನಿಂತಿದ್ದ ಒಬ್ಬರ ಹತ್ತಿರ ಹೋಗಿ ಮರಾಠಿಯಲ್ಲಿ ಮಾತು ತೆಗೆದೆ. ಅವರು ನನ್ನ ಮರಾಠಿ ಕೇಳಿ ನಕ್ಕು, 'ಕನ್ನಡದಾಗ ಮಾತಾಡ್ರಿ ಅಕ್ಕಾರ, ನಾವು ಇಂಡಿ ಕಡೆಯವರು' ಎಂದರು. ಗೋಷ್ಠಿ ಹೇಗಿತ್ತು ಎಂದು ಕೇಳಿದ್ದಕ್ಕೆ 'ಚಲೋ ಆತ್ರಿ' ಎಂಬ ಒಂದೇ ಮಾತು. ನಾನು ಪ್ರಶ್ನೆ ಬದಲಿಸಿ, ನಾಳೆ ಕೆಲಸಕ್ಕೆ ಹೋದಾಗ ಇಲ್ಲಿಯದು ಏನು ಉಪಯೋಗಕ್ಕೆ ಬರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಅಂಗೈಯ ಹಳೆಯ ಗಾಯದ ಕಲೆಯನ್ನು ಉಜ್ಜುತ್ತ ನಿಂತು ಹೇಳಿದರು: 'ಪಡದೆ ಮ್ಯಾಲ ಬಲೆ ತೋರ್ಸಿದ್ರು ನೋಡ್ರಿ, ಅದ್ರ ಕೋಲು ಉದ್ದ ಐತಿ. ನಮ್ಮ ಗಲ್ಲಿಯೊಳಗ ಅದನ್ನ ತಿರುಗಸಾಕ ಜಾಗಾನ ಇಲ್ರಿ. ಗಿಡ್ಡ ಕೋಲಿಂದ ಹೆಂಗ ಹಿಡೀಬೇಕು ಅನ್ನೂದು ಯಾರೂ ಹೇಳಲಿಲ್ಲ.' ಆ ವರ್ಷ ಬಂದ ಅಭಿಪ್ರಾಯಗಳಲ್ಲೆಲ್ಲ ಇದಕ್ಕಿಂತ ಖಚಿತವಾದದ್ದು ಇನ್ನೊಂದಿರಲಿಲ್ಲ, ಮತ್ತು ಅದು ಯಾವ ನಮೂನೆಯಲ್ಲೂ ಇರಲಿಲ್ಲ.

ಆದ್ದರಿಂದ ಪ್ರತಿ ನೂರು ಪ್ರತಿನಿಧಿಗಳಿಗೆ ಇಬ್ಬರು ಸ್ವಯಂಸೇವಕರನ್ನು ಕೇಳಿ ಬರೆದುಕೊಳ್ಳುವುದಕ್ಕೆಂದೇ ನೇಮಿಸಬೇಕು. ಅವರು ಕುರ್ಚಿ ಜೋಡಿಸುವುದಕ್ಕಾಗಲಿ ಅತಿಥಿಗಳಿಗೆ ಶಾಲು ತರುವುದಕ್ಕಾಗಲಿ ಓಡಬಾರದು. ಕೇಳಿದ್ದನ್ನು ತಿದ್ದದೆ, ಆಡಿದ ಮಾತಿನಲ್ಲೇ, ಆ ವರ್ಗದ ಬಣ್ಣದ ಚೀಟಿಯ ಮೇಲೆ ಬರೆಯಬೇಕು. ಮೇಲಧಿಕಾರಿ ಕೇಳಿಸಿಕೊಳ್ಳುವ ದೂರದಲ್ಲಿ ನಿಂತು ಕೇಳುವುದಾದರೆ ಕೇಳದಿರುವುದೇ ಮೇಲು.

ಲೆಕ್ಕ

ಮೊದಲು ಬರೆಯಬೇಕಾದ ಸಂಖ್ಯೆ ಅಂಕವಲ್ಲ, ಎಷ್ಟು ಜನ ಉತ್ತರಿಸಿದರು ಎಂಬುದು, ಅದೂ ವರ್ಗವಾರು. ಉದಾಹರಣೆಗೆ, ವ್ಯಾಪಾರದವರು ಬಾರದಿದ್ದ, 180 ಮಂದಿಯ ಸಭೆಯೊಂದರಲ್ಲಿ 54 ನಮೂನೆಗಳು ತಿರುಗಿ ಬಂದವು ಎಂದಿಟ್ಟುಕೊಳ್ಳೋಣ. ಶೇಕಡಾ 30, ಕೇಳಲು ತೃಪ್ತಿಕರ. ಈಗ ಬಣ್ಣಗಳನ್ನು ಬಿಡಿಸಿ ನೋಡಿದರೆ: 60 ಪಶುವೈದ್ಯರಲ್ಲಿ 30 ಮಂದಿ, ಸೊಸೈಟಿಗಳ 70 ಮಂದಿಯಲ್ಲಿ 14, ಪ್ರಾಣಿಕಲ್ಯಾಣದ 30 ಮಂದಿಯಲ್ಲಿ 8, ಪಾಲಿಕೆಯ 20 ಮಂದಿಯಲ್ಲಿ 2. ಸಭೆಯಲ್ಲಿ ಮೂರನೆಯ ಒಂದು ಪಾಲಿದ್ದ ಪಶುವೈದ್ಯರು ನಮೂನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಡೆದಿದ್ದಾರೆ. ಒಟ್ಟು ಸರಾಸರಿಯನ್ನು ಹೇಳಿದರೆ ಅದು ಪಶುವೈದ್ಯರ ಸಭೆಯ ಸರಾಸರಿ. ಪಾಲಿಕೆಯವರ ಇಬ್ಬರ ಅಭಿಪ್ರಾಯಕ್ಕೆ ಶೇಕಡಾವಾರು ಕಟ್ಟುವುದು ಹಾಸ್ಯಾಸ್ಪದ. ಅವರಿಬ್ಬರು ಬರೆದದ್ದನ್ನು ಇದ್ದದ್ದು ಇದ್ದಂತೆಯೇ ವರದಿಯಲ್ಲಿ ನಕಲು ಮಾಡಿ, ಉಳಿದ ಹದಿನೆಂಟು ಮಂದಿ ಏಕೆ ಬರೆಯಲಿಲ್ಲ ಎಂದು ಯೋಚಿಸುವುದೇ ಸರಿಯಾದ ಕ್ರಮ.

ಎರಡನೆಯದು, ಸರಾಸರಿಯ ಜೊತೆ ಹರಡಿಕೆಯನ್ನೂ ತೋರಿಸಬೇಕು. ನಾಯಿಗಳಿಗೆ ಆಹಾರ ಹಾಕುವ ಜಾಗದ ಗೋಷ್ಠಿಗೆ 40 ಮಂದಿ ಅಂಕ ಕೊಟ್ಟಿದ್ದಾರೆ ಎನ್ನಿ: 18 ಮಂದಿ ಐದು, 18 ಮಂದಿ ಒಂದು, 4 ಮಂದಿ ಮೂರು. ಸರಾಸರಿ 3. ಬೇಸಗೆಯಲ್ಲಿ ನಾಯಿಯ ಕೂದಲು ಕತ್ತರಿಸುವ ಗೋಷ್ಠಿಗೆ 40 ಮಂದಿಯೂ ಮೂರು ಕೊಟ್ಟಿದ್ದಾರೆ. ಅಲ್ಲೂ ಸರಾಸರಿ 3. ಮೊದಲನೆಯದನ್ನು ಮುಂದಿನ ವರ್ಷ ಎರಡು ಗಂಟೆಗೆ ವಿಸ್ತರಿಸಬೇಕು, ಎರಡನೆಯದನ್ನು ಕೈಬಿಡಬಹುದು. ಸರಾಸರಿಯನ್ನು ಮಾತ್ರ ನೋಡುವ ಸಮಿತಿ ಎರಡನ್ನೂ 'ಸಾಧಾರಣ' ಎಂಬ ಒಂದೇ ಗೂಟಕ್ಕೆ ಕಟ್ಟುತ್ತದೆ. ಎಕ್ಸೆಲ್‌ನಲ್ಲಿ ಇದಕ್ಕೆ ದೊಡ್ಡ ವಿದ್ಯೆ ಬೇಡ. ಅಡ್ಡಸಾಲಿನಲ್ಲಿ ಒಂದರಿಂದ ಐದು, ಕೆಳಗೆ ಐದು ಬಣ್ಣಗಳು, ಪ್ರತಿ ಚೌಕದಲ್ಲಿ ತಲೆ ಎಣಿಕೆ. ಇಷ್ಟು ಮಾಡಿದರೆ ಗುಡ್ಡ ಎಲ್ಲಿ, ತಗ್ಗು ಎಲ್ಲಿ ಎಂಬುದು ಕಣ್ಣಿಗೇ ಕಾಣುತ್ತದೆ.

ಪ್ರಾಯೋಜಕರು ಸಾಮಾನ್ಯವಾಗಿ ಕೇಳುವುದು ವ್ಯಾಪಾರ ಸಲಹೆಗಾರ ಫ್ರೆಡ್ ರೈಕೆಲ್ಡ್ 2003ರಲ್ಲಿ ಬಳಕೆಗೆ ತಂದ ನೆಟ್ ಪ್ರಮೋಟರ್ ಸ್ಕೋರನ್ನು. 'ಈ ಸಮ್ಮೇಳನಕ್ಕೆ ಹೋಗೆಂದು ಪರಿಚಿತರಿಗೆ ಹೇಳುವಿರಾ?' ಎಂಬ ಪ್ರಶ್ನೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಂಬತ್ತು-ಹತ್ತು ಕೊಟ್ಟವರ ಶೇಕಡಾವಾರಿನಿಂದ ಸೊನ್ನೆಯಿಂದ ಆರರವರೆಗೆ ಕೊಟ್ಟವರ ಶೇಕಡಾವಾರನ್ನು ಕಳೆಯುವುದು. ಸಣ್ಣ ಸಭೆಗಳಲ್ಲಿ ಇದು ಗಾಳಿಪಟದಂತೆ ಓಲಾಡುತ್ತದೆ. 60 ಉತ್ತರಗಳಲ್ಲಿ 27 ಮಂದಿ ಮೇಲಿನವರು, 12 ಮಂದಿ ಕೆಳಗಿನವರು ಇದ್ದರೆ 45ರಲ್ಲಿ 20 ಕಳೆದು 25 ಬರುತ್ತದೆ. ಊಟದ ಸಾಲು ಉದ್ದವಾಯಿತೆಂದು ಮೂವರು ಏಳರ ಬದಲು ಆರು ಬರೆದರೆ ಅದೇ 25 ಇಳಿದು 20 ಆಗುತ್ತದೆ, ಮತ್ತು ಸಮಿತಿ ಅದರ ಮೇಲೆ ಒಂದು ಗಂಟೆ ಚರ್ಚಿಸುತ್ತದೆ. ಕೇಳಿದರೆ ಕೊಡಿ, ಆದರೆ ತಲೆ ಎಣಿಕೆಯ ಜೊತೆಗೇ ಕೊಡಿ. ಹೊಸ ತಜ್ಞತೆ ಬೇಕೆಂದು ಬಂದವರು ಅದನ್ನು ಪಡೆದರೇ ಎಂಬುದನ್ನು ಈ ಅಂಕ ಹೇಳುವುದಿಲ್ಲ.

ಅಂಕದ ಮೇಲೆ ವಾರದ ಸುದ್ದಿಯೂ ಕುಳಿತಿರುತ್ತದೆ. 2025ರ ಆಗಸ್ಟಿನಲ್ಲಿ ದಾದರಿನ ಕಬೂತರ್‌ಖಾನೆಗೆ ಪಾಲಿಕೆ ಟಾರ್ಪಾಲು ಹೊದಿಸಿ, ಪಾರಿವಾಳಗಳಿಗೆ ಕಾಳು ಹಾಕುವ ಪ್ರಶ್ನೆ ಬಾಂಬೆ ಹೈಕೋರ್ಟಿನ ಮುಂದಿದ್ದ ದಿನಗಳಲ್ಲಿ ಮುಂಬೈಯಲ್ಲಿ ಯಾವ ಪ್ರಾಣಿಯ ಬಗ್ಗೆ ಸಭೆ ನಡೆದರೂ ಜನ ಪಾರಿವಾಳದ ಬಗ್ಗೆಯೇ ಬರೆಯುತ್ತಿದ್ದರು. ವರದಿಯ ಮೊದಲ ಪುಟದಲ್ಲಿ ಆ ವಾರ ನಗರದಲ್ಲಿ ಏನು ನಡೆದಿತ್ತು ಎಂದು ಎರಡು ಸಾಲು ಬರೆದಿಟ್ಟರೆ, ಮುಂದಿನ ವರ್ಷ ಅದನ್ನು ತೆರೆದು ನೋಡುವವರಿಗೆ ಅಂಕಗಳ ಏರಿಳಿತ ಅರ್ಥವಾಗುತ್ತದೆ.

ಬರಹಗಳನ್ನು ಓದುವುದು

ಕೈಬರಹದ ಟಿಪ್ಪಣಿಗಳನ್ನು ಮೂರು ಕಟ್ಟುಗಳಾಗಿ ಮಾಡಿಕೊಳ್ಳುವುದು ನನ್ನ ರೂಢಿ. ಮೈಕು, ಎಸಿಯ ಚಳಿ, ಶೌಚಾಲಯ, ಊಟ ಒಂದು ಕಟ್ಟು. ಅವನ್ನು ವ್ಯವಸ್ಥಾಪಕರಿಗೆ ಕೊಟ್ಟು ಮರೆಯಬಹುದು. ಗೋಷ್ಠಿಯ ವಿಷಯಕ್ಕೆ ಸಂಬಂಧಿಸಿದ್ದು ಎರಡನೆಯದು. ನಗರದ ಜಗಳವೇ ಕಾಗದಕ್ಕೆ ಇಳಿದದ್ದು ಮೂರನೆಯದು: 'ನಾಲ್ಕನೆಯ ಮಹಡಿಯವರು ಬೇಕೆಂದೇ ನಾಯಿಯನ್ನು ನಮ್ಮ ಬಾಗಿಲ ಮುಂದೆ ನಿಲ್ಲಿಸುತ್ತಾರೆ' ಎಂಬ ಜಾತಿಯದು. ಈ ಮೂರನೆಯ ಕಟ್ಟಿನಲ್ಲಿ ನೆರೆಹೊರೆಯವರ ಹೆಸರು, ಫ್ಲ್ಯಾಟ್ ಸಂಖ್ಯೆ ಧಾರಾಳವಾಗಿರುತ್ತದೆ. ಟೈಪ್ ಮಾಡುವಾಗಲೇ ಅವನ್ನು ಅಳಿಸಬೇಕು. ಆದರೆ ಕಟ್ಟನ್ನು ಎಸೆಯಬಾರದು. ಒಂದೇ ಬಗೆಯ ದೂರು ಹತ್ತು ಬೇರೆ ಬೇರೆ ಸೊಸೈಟಿಗಳಿಂದ ಬಂದಿದ್ದರೆ ಅದು ಮುಂದಿನ ಗೋಷ್ಠಿಯ ವಿಷಯ. ಸಾಕುನಾಯಿಯನ್ನು ಸೊಸೈಟಿ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸದಂತೆ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದ್ದರೂ ಲಿಫ್ಟಿನ ದೂರು ಇನ್ನೂ ಪ್ರತಿ ಸಭೆಯಲ್ಲೂ ಬರುತ್ತಿದೆ ಎಂದರೆ, ಆ ಮಾರ್ಗಸೂಚಿಯನ್ನು ಓದಿ ಹೇಳುವುದರಿಂದ ಆಗದ ಕೆಲಸವೇನೋ ಬಾಕಿ ಇದೆ ಎಂದರ್ಥ.

ನಮೂನೆಯಲ್ಲಿ 'ಭಾಷಣದಲ್ಲಿ ತಪ್ಪು ಅಥವಾ ಹಳೆಯದು ಎನಿಸಿದ ಸಂಗತಿ' ಎಂಬ ಒಂದು ಸಾಲು ಇರಲೇಬೇಕು. ಒಮ್ಮೆ ಒಬ್ಬ ಭಾಷಣಕಾರರು 2001ರ ನಾಯಿಗಳ ಜನನ ನಿಯಂತ್ರಣ ನಿಯಮಗಳನ್ನು ಇಂದಿಗೂ ಜಾರಿಯಲ್ಲಿವೆಯೆಂಬಂತೆ ಮುಕ್ಕಾಲು ಗಂಟೆ ವಿವರಿಸಿದರು. ಅಂಕ ಬಹಳ ಚೆನ್ನಾಗಿ ಬಂತು. ಅವುಗಳ ಜಾಗಕ್ಕೆ 2023ರ ನಿಯಮಗಳು ಬಂದಿವೆ ಎಂದು ಬರೆದಿದ್ದವರು ಒಬ್ಬರೇ, ಅದೂ ಚೀಟಿಯ ಹಿಂಬದಿಯಲ್ಲಿ. ಈ ಕ್ಷೇತ್ರದ ಕಾನೂನು ತಿಂಗಳುಗಳಲ್ಲಿ ಬದಲಾಗುತ್ತದೆ. 2025ರ ಆಗಸ್ಟ್ 11ರಂದು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಬೇಕೆಂದ ಸುಪ್ರೀಂ ಕೋರ್ಟ್, ಅದೇ 22ರಂದು ಅದನ್ನು ಮಾರ್ಪಡಿಸಿ, ರೇಬೀಸ್ ಸೋಂಕಿನ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಹಿಡಿದ ಜಾಗದಲ್ಲೇ ಬಿಡಬೇಕೆಂದಿತು; ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಆವರಣಗಳಿಗೆ ಬೇರೆಯೇ ನಿರ್ದೇಶನ ಬಂತು. ಜುಲೈಯಲ್ಲಿ ಸಿದ್ಧಪಡಿಸಿದ ಸ್ಲೈಡುಗಳನ್ನು ಡಿಸೆಂಬರಿನಲ್ಲಿ ತೋರಿಸುವವರನ್ನು ಕೇಳುಗರೇ ಹಿಡಿಯಬೇಕು, ಮತ್ತು ಹಾಗೆ ಹಿಡಿದದ್ದನ್ನು ಒಂದು ವಾರದೊಳಗೆ ಎಲ್ಲ ಪ್ರತಿನಿಧಿಗಳಿಗೂ ತಿದ್ದುಪಡಿಯಾಗಿ ಕಳುಹಿಸಬೇಕು.

ಭಾಷಣಕಾರರಿಗೆ ಅಭಿಪ್ರಾಯ ತಲುಪಿಸುವಾಗ ಕಚ್ಚಾ ಚೀಟಿಗಳನ್ನು ಫೋಟೋ ತೆಗೆದು ಕಳುಹಿಸುವುದು ಬೇಡ. ವರ್ಗವಾರು ಎಣಿಕೆ, ಮೆಚ್ಚಿದ ಎರಡು ಮಾತು, ತಿದ್ದಬೇಕಾದ ಒಂದು ಮಾತು, ಇಷ್ಟು ಸಾಕು.

ಮೂರು ತಿಂಗಳ ನಂತರ

ಹರಿದು ಕೊಡುವ ಚೀಟಿಯಲ್ಲಿ ಫೋನ್ ಸಂಖ್ಯೆ ಕೊಟ್ಟವರಲ್ಲಿ ಪ್ರತಿ ವರ್ಗದಿಂದ ನಾಲ್ಕೈದು ಮಂದಿಯನ್ನು ಆರಿಸಿ ಕರೆ ಮಾಡುವುದು ಈ ಇಡೀ ಕೆಲಸದ ಅತ್ಯಂತ ಅಗ್ಗದ, ಅತ್ಯಂತ ಕಡೆಗಣಿಸಲ್ಪಟ್ಟ ಭಾಗ. ರಾತ್ರಿ ಎಂಟರ ಮೊದಲು ಮಾಡಬೇಕು. ಪಶುವೈದ್ಯರಿಗೆ ಮಾತ್ರ ಮಧ್ಯಾಹ್ನ, ಸಂಜೆ ಅವರ ಚಿಕಿತ್ಸಾಲಯ ತುಂಬಿರುತ್ತದೆ. 'ಸೋಮವಾರ ಬದಲಿಸುತ್ತೇನೆ' ಎಂಬ ವಾಕ್ಯವನ್ನು ಅವರು ಫೋನ್ ಸಂಖ್ಯೆಯ ಚೀಟಿಯಲ್ಲೂ ಬರೆದಿದ್ದರೆ ಅದನ್ನೇ ಓದಿ ಹೇಳಿ, ಏನಾಯಿತು ಎಂದು ಕೇಳಬೇಕು. ಆಗಲಿಲ್ಲವೆಂದರೆ ಯಾರು ಅಥವಾ ಏನು ಅಡ್ಡ ಬಂತು ಎಂಬುದನ್ನು ಬರೆದುಕೊಳ್ಳಬೇಕು, ಸಮಜಾಯಿಷಿ ಹೇಳಬಾರದು.

ಕಳೆದ ಸಲ ಡೊಂಬಿವಲಿಯ ಒಬ್ಬ ಕಾರ್ಯದರ್ಶಿಗೆ ಹೀಗೆ ಕರೆ ಮಾಡಿದೆ. ನಾಯಿಗಳಿಗೆ ಆಹಾರ ಹಾಕುವ ಜಾಗವನ್ನು ಸೊಸೈಟಿಯೇ ಗೊತ್ತುಮಾಡಬೇಕು, ಅದು ಮಕ್ಕಳು ಆಡುವ ಜಾಗದಿಂದಲೂ ಮೆಟ್ಟಿಲು, ಗೇಟುಗಳಿಂದಲೂ ದೂರವಿರಬೇಕು ಎಂಬ 2023ರ ನಿಯಮವನ್ನು ಗೋಷ್ಠಿಯಲ್ಲಿ ಕೇಳಿ, ಜಾಗ ಗುರುತಿಸುತ್ತೇನೆ ಎಂದು ಅವರು ಬರೆದಿದ್ದರು. ಪಂಪ್ ರೂಮಿನ ಹಿಂದೆ ಜಾಗ ಗೊತ್ತಾಯಿತಂತೆ. ಮೊದಲ ವಾರ ನಾಯಿಗಳು ಬರಲೇ ಇಲ್ಲ; ಹಳೆಯ ಜಾಗವಾದ ಗೇಟಿನ ಬಳಿಯೇ ಕಾಯುತ್ತಿದ್ದವು. ಎರಡನೆಯ ವಾರದಿಂದ ಬಂದವು, ಅವುಗಳ ಹಿಂದೆಯೇ ಕಾಗೆಗಳೂ ಬಂದು ಪಂಪ್ ರೂಮಿನ ಎದುರಿನ ಮನೆಯವರು ಹೊಸ ತಕರಾರು ಬರೆದುಕೊಟ್ಟರು. 'ಜಾಗ ಎಲ್ಲಿರಬೇಕು ಅಂತ ನಿಮ್ಮವರು ಹೇಳಿದ್ರು ಮೇಡಂ, ತಟ್ಟೆ ಎಷ್ಟು ಹೊತ್ತಿಗೆ ಎತ್ತಬೇಕು, ಯಾರು ತೊಳೀಬೇಕು ಅಂತ ಹೇಳಲಿಲ್ಲ' ಎಂದರು. ಅದನ್ನು ಹಾಗೆಯೇ ಸೊಸೈಟಿಯವರ ಬಣ್ಣವಾದ ಹಳದಿ ಚೀಟಿಯ ಮೇಲೆ ಬರೆದು, ಗಿಡ್ಡ ಕೋಲಿನ ಚೀಟಿಯನ್ನು ಇಟ್ಟಿದ್ದ ಲಕೋಟೆಗೇ ಸೇರಿಸಿದೆ. ಮುಂದಿನ ಸಭೆಯ ಗೋಷ್ಠಿಗಳನ್ನು ಗೊತ್ತುಮಾಡಲು ಸಮಿತಿ ಕೂಡುವಾಗ ಮೊದಲು ತೆರೆಯಬೇಕಾದದ್ದು ಆ ಲಕೋಟೆ.